ಮಾಲಕರು ಹತ್ತಾರು, ಕೀಲಿ ಒಂದ

ನಮ್ಮ ಕಡೆ ಹಳೇ ವಾಡೇ ಮಳಿಗೆ ಬೀಳ್ತಾವ ಅಂತ ಮಂದಿ ಅಂತಾರ. ಖರೇ ಅಂದ್ರ ಅವು ಬೀಳೋದು ಪಾಲಿಗೆ. ಅಜ್ಜನ ಕಾಲಕ್ಕ ಒಂದ ಒಲಿ, ಒಬ್ಬನ ಮಾತು. ಅಪ್ಪನ ಕಾಲಕ್ಕ ನಾಲ್ಕ ಪಾಲು, ನಮ್ಮ ಕಾಲಕ್ಕ ಹತ್ತು-ಹನ್ನೆರಡು. ಮಾಳಗಿ ಸೋರಲಿಕತ್ತರ ಮಣ್ಣ ಯಾರು ಹಾಕಸಬೇಕು? ಎಲ್ಲಾರ ಮನಿ ಅಂದ್ರ ಯಾರ ಮನೀನೂ ಅಲ್ಲಾ.

ಈ ಸಂಕಟಾ ನಮಗಷ್ಟ ಅಲ್ಲರಿ. ತಮಿಳುನಾಡಿನ ಚೆಟ್ಟಿನಾಡಿನೊಳಗ ಇದನ್ನ ಊರಿಗೆ ಊರ ಉಂಡದ. ಚೆಟ್ಟಿನಾಡ ಅಂದಕೂಡಲೇ ನಮಗ ಹೊಟೇಲ್ ಬೋರ್ಡ ನೆನಪಾಗ್ತದ, ಆದ್ರ ಅದು ಕಾರೈಕುಡಿ ಸುತ್ತಲಿನ ಎಪ್ಪತ್ತರ ಮ್ಯಾಲೆ ಊರುಗಳ ಸೀಮಿ. ಅಲ್ಲಿಯವರು ನಾಟ್ಟುಕೋಟ್ಟೈ ಚೆಟ್ಟಿಯಾರರು, ತಮ್ಮನ್ನ ತಾವು ನಗರತ್ತಾರ್ ಅಂತ ಕರಕೋತಾರ. 1852ರಾಗ ಇಂಗ್ಲಿಷರು ಬರ್ಮಾದ ಕೆಳಗಿನ ಭಾಗ ಹಿಡದ್ರು, 1869ರಾಗ ಸುಯೆಜ್ ಕಾಲುವಿ ತೆರೀತು, ಬರ್ಮಾದ ಅಕ್ಕಿಗೆ ಯುರೋಪಿನ ಬಾಗಲಾ ತಕ್ಕೊಂತು. ಅಲ್ಲಿ ಗದ್ದಿ ಮಾಡೋ ರೈತರಿಗೆ ಸಾಲಾ ಕೊಟ್ಟವರು ಇವರು. ಸಿಲೋನ್, ಮಲಯಾ, ಸೈಗಾನ್‌ದಾಗೂ ಅಂಗಡಿ ಇಟ್ಟಿದ್ರು. ಗಂಡಸೂರು ಒಮ್ಮೆ ಹಡಗ ಹತ್ತಿದ್ರ ಮೂರ ವರ್ಷ, ಹೆಂಗಸೂರು ಊರಾಗ. ಗಳಿಸಿದ್ದೆಲ್ಲಾ ಮನಿಗೆ ಸುರದ್ರು.

ಮನಿ ಅಂದ್ರ ಎಂಥಾ ಮನಿ! ಮುಂಬಾಗಲಾ ಒಂದ ಓಣ್ಯಾಗ, ಹಿಂಬಾಗಲಾ ಮತ್ತೊಂದ ಓಣ್ಯಾಗ. ಬರ್ಮಾದ ಸಾಗವಾನಿ ಕಂಬ, ಇಟಲಿ ಅಮೃತಶಿಲೆ, ಅಲ್ಲೇ ಆತ್ತಂಗುಡ್ಯಾಗ ಕೈಲೆ ಮಾಡಿದ ಬಣ್ಣದ ಫರಸಿ. ಗ್ವಾಡಿಗೆ ಸುಣ್ಣಾ, ತತ್ತಿಯ ಬಿಳೀ ಲೋಳಿ ಕೂಡಿಸಿದ ಗಾರೆ ಹಚ್ಚಿ ಎಷ್ಟ ತಿಕ್ಕತಿದ್ರಂದ್ರ ಇವತ್ತಿಗೂ ಕೈ ಇಟ್ರ ನುಣ್ಣಗ, ತಣ್ಣಗ.

ಆದ್ರ ನನಗ ಬೆರಗ ಅನಸಿದ್ದು ಅದರ ನಕ್ಷಾ. ನಟ್ಟ ನಡುವ ಆಕಾಶಕ್ಕ ತೆರದ ಅಂಗಳ, ಅದಕ್ಕ 'ವಳವು' ಅಂತಾರ. ಸುತ್ತಲೂ ಸಾಲ ಖೋಲಿ. ಲಗ್ನಾದ ಪ್ರತಿಯೊಬ್ಬ ಮಗಗ ಒಂದೊಂದ ಪಾಲು. ಹಂಗ ಒಂದ ಜೋಡಿ ಅಂದ್ರ ಒಂದ 'ಪುಳ್ಳಿ', ಅಡಗಿನೂ ಬ್ಯಾರೆ, ಲೆಕ್ಕನೂ ಬ್ಯಾರೆ. ಅಂಗಳಾ ಮಾತ್ರ ಎಲ್ಲಾರದೂ. ನಾವು ಅಜ್ಜ ತೀರಿದ ಮ್ಯಾಲೆ ಗ್ವಾಡಿ ಎಬ್ಬಿಸಿ ಪಾಲ ಮಾಡಕೋತೇವಿ, ಅವರು ಪಾಯಾ ಹಾಕೋ ದಿನಾನ ಪಾಲನ್ನ ಲೆಕ್ಕಕ್ಕ ಹಿಡದಿದ್ರು.

ಮುಂದ 1930ರ ಹೊತ್ತಿಗೆ ಅಕ್ಕಿ ಧಾರಣಿ ಕುಸೀತು. ಸಾಲಾ ತೀರಸಲಾರದ ರೈತರ ಹೊಲಾ ಇವರ ಕೈಗೆ ಬಂತು, ಕೆಳ ಬರ್ಮಾದ ಗದ್ದಿಯೊಳಗ ಹೆಚ್ಚೂಕಡಿಮಿ ಕಾಲು ಭಾಗ. ಅಲ್ಲಿಯವರ ಸಿಟ್ಟೂ ಅದರ ಜೋಡೀನ ಬಂತು. 1942ರಾಗ ಜಪಾನ್ ನುಗ್ಗಿತು, ಸ್ವಾತಂತ್ರ್ಯ ಬಂದ ಮ್ಯಾಲೆ ಬರ್ಮಾ ಸರಕಾರ ಭೂಮಿ ತಗೋತು, 1962ರಾಗ ಫೌಜು ಅಧಿಕಾರಕ್ಕ ಬಂದು ಉಳದ ದಂಧೆನೂ ಮುಗೀತು. ಹರದ ಬರೋ ರೊಕ್ಕ ನಿಂತ್ರೂ ಮನಿ ನಿಂತಲ್ಲೇ ಇತ್ತು. ಮಕ್ಕಳು ಚೆನ್ನೈ, ಸಿಂಗಾಪುರ, ಅಮೇರಿಕಾ ಹಿಡದ್ರು.

ಒಂದಿಷ್ಟ ಮನಿ ಕಳಚಿಬಿಟ್ರು. ಕಾರೈಕುಡ್ಯಾಗ ಹಳೇ ಸಾಮಾನಿನ ಅಂಗಡಿ ಓಣೀನ ಅದ. ಬಾಗಲಾ, ಕಂಬಾ, ಪಿಂಗಾಣಿ ಎಲ್ಲಾ ಬಿಡಿಬಿಡಿಯಾಗಿ ಮಾರಾಟ. ಒಂದ ಮನೀನ ಬಿಚ್ಚಿ ತಂದು ಚೆನ್ನೈ ಹತ್ರ ಮುಟ್ಟುಕಾಡಿನ ದಕ್ಷಿಣಚಿತ್ರದೊಳಗ ಮತ್ತ ಕಟ್ಟ್ಯಾರ. 1996ರಾಗ ತೆರದ ಆ ಆವಾರದಾಗ ನಮ್ಮ ಇಳಕಲ್ಲ ನೇಕಾರರ ಮನೀನೂ ಅದ. ಮನಿ ಉಳೀತು ಖರೆ, ಊರು ಬಿಡ್ತು. ಇನ್ನೊಂದಿಷ್ಟು ಹೊಟೇಲ್ ಆದವು. ಕೋತಮಂಗಲದ 1910ರ ಶಾರದಾ ವಿಲಾಸನ್ನ ಫ್ರಾನ್ಸಿನ ಇಬ್ಬರು ವಾಸ್ತುಶಿಲ್ಪಿಗಳು ರಿಪೇರಿ ಮಾಡಿ ಅತಿಥಿಗೋಳಿಗೆ ತೆರದ್ರು. 2014ರಾಗ ಚೆಟ್ಟಿನಾಡಿನ ಊರುಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು.

ಆದ್ರ ಎಷ್ಟಂತ ಹೊಟೇಲ್ ಮಾಡೋದರಿ? ಸದ್ದಿಲ್ಲದ ಮನಿ ಕಾದದ್ದು 'ಪಡೈಪ್ಪು'. ವರ್ಷಕ್ಕೊಮ್ಮೆ ಹಿರೇರಿಗೆ ಎಡಿ ಇಡೋ ಪದ್ಧತಿ, ಹೊಸಾ ಸೀರಿ-ಧೋತರಾ ಇಟ್ಟು ಪೂಜಿ ಮಾಡ್ತಾರ. ಇದು ಮೂಲ ಮನ್ಯಾಗ ಆಗಬೇಕು, ಬಾಡಿಗಿ ಹಾಲ್‌ನಾಗ ನಡಿಯೂದಿಲ್ಲಾ. ಲಗ್ನಕ್ಕೂ ಹಂಗ, ಎಷ್ಟೋ ಮಂದಿ ಇವತ್ತಿಗೂ ಊರಿನ ಮನೀನ ತೆಗಸ್ತಾರ. ಪೂಜಿ ಅದ ಅಂದ ಮ್ಯಾಲೆ ಕಸಾ ಹೊಡಿಬೇಕು, ಹಂಚ ತಿರಿವಿ ಹಾಕಬೇಕು, ಖರ್ಚ ಹಂಚಕೋಬೇಕು. ಮನಿ ಸಂಬಂಧ ಮಂದಿ ಕೂಡಲಿಲ್ಲಾ, ಮಂದಿ ಕೂಡೋ ಸಂಬಂಧ ಮನಿ ಉಳೀತು.

ಅವರ ಎಲ್ಲಾ ಪದ್ಧತೀನೂ ಎತಗೊಂಡ ಬರ್ರಿ ಅನ್ನಂಗಿಲ್ಲ ನಾ. ಅಲ್ಲಿ ಮನಿ ಪಾಲು ಗಂಡಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸೀರು-ಭಾಂಡೆ ಅಂತಿತ್ತು. ನಮ್ಮ ರಾಜ್ಯದಾಗ 1994ರಾಗ, ಇಡೀ ದೇಶಕ್ಕ 2005ರಾಗ ಕಾಯ್ದೆ ಬಂದು ಮಗಳಿಗೂ ಸಮಪಾಲಾತು. 'ಪಾಲುದಾರರು ಹೆಚ್ಚಾದ್ರು, ಇನ್ನ ಮನಿ ಉಳಿಯೂದಿಲ್ಲಾ' ಅಂತ ನಮ್ಮ ಕಾಕಾ ಗೊಣಗತಾನ. ನಮ್ಮ ಹಳ್ಳಿ ಮನಿಗೆ ಈಗ ಹನ್ನೊಂದ ಮಂದಿ ವಾರಸದಾರರು. ಮಾರೋಣು ಅನ್ನೋರು ಆರು, ಬ್ಯಾಡ ಅನ್ನೋರು ಮೂರು, ಫೋನ್ ಎತ್ತಲಾರದವರು ಇಬ್ಬರು. ಆ ಬ್ಯಾಡ ಅನ್ನೋ ಮೂವರೂ ಕೊಟ್ಟ ಮನಿಗೆ ಹೋದ ಹೆಣ್ಣುಮಕ್ಕಳ! ಹೆಚ್ಚಾದ ಪಾಲುದಾರರ ಮನಿ ಹಿಡಕೊಂಡಾರ.

ನಾ ಅವರಿಗೆ ಹೇಳಿದ್ದಿಷ್ಟ: ವರ್ಗಣಿ ಮಾತು ಈಗ ಬ್ಯಾಡ, ಮೊದಲ ತಿಥಿ ಗೊತ್ತ ಮಾಡೋಣು. ಪಕ್ಷಮಾಸದಾಗ ಒಂದಿನಾ ಎಲ್ಲಾರೂ ಆ ಮನ್ಯಾಗ ಒಲಿ ಹಚ್ಚೋಣು, ಹಿರೇರಿಗೆ ಎಡಿ ಇಟ್ಟು ಪಡಸಾಲ್ಯಾಗ ಕೂಡಿ ಉಣ್ಣೋಣು. ಮಾರೋದಿದ್ರೂ ಉಂಡ ಮ್ಯಾಲೆ ಮಾತಾಡೋಣು.

ನಿಮ್ಮ ಊರಾಗೂ ಇಂಥಾ ಮನಿ ಇದ್ರ ಇಂಜಿನಿಯರನ್ನ ಕರಿಯೋಕಿಂತ ಮೊದಲ ಅಕ್ಕ-ತಂಗೇರನ್ನ ಕರೀರಿ.