ಹಸುಳೆಯ ಮುಲುಕು ಕಲಿಸಿದ ಪಾಠ

1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರಿಗೆ ಗಂಡುಮಗು ಜನಿಸಿತು. ಐದೂವರೆ ವಾರ ಮೊದಲೇ ಹುಟ್ಟಿದ ಪ್ಯಾಟ್ರಿಕ್‌ಗೆ ಉಸಿರಾಟವೇ ಕಷ್ಟವಾಯಿತು. ಬಾಸ್ಟನ್ನಿನಲ್ಲಿ ಅಧಿಕ ಒತ್ತಡದ ಆಮ್ಲಜನಕ ಕೋಣೆಯಲ್ಲಿ ಇರಿಸಿದರೂ ಮಗು ಎರಡೇ ದಿನಗಳಲ್ಲಿ ತೀರಿಕೊಂಡಿತು.

ರೋಗದ ಮೂಲ ಆ ವೇಳೆಗೆ ತಿಳಿದಿತ್ತು. ನಮ್ಮ ಶ್ವಾಸಕೋಶದ ಪುಟ್ಟ ವಾಯುಕೋಶಗಳ ಒಳಮೈಯಲ್ಲಿ ನೀರಿನ ತೆಳುಪದರವಿದೆ. ಅದರ ಮೇಲ್ಮೈ ಎಳೆತ ಕೋಶಗಳನ್ನು ಕುಗ್ಗಿಸಲು ಯತ್ನಿಸುತ್ತದೆ. ಲಾಪ್ಲಾಸ್ ನಿಯಮವನ್ನು ನೆನಪಿಸಿಕೊಳ್ಳಿ: ಗುಳ್ಳೆ ಚಿಕ್ಕದಾದಷ್ಟೂ ಅದನ್ನು ತೆರೆದಿಡಲು ಹೆಚ್ಚು ಒತ್ತಡ ಬೇಕು. ಈ ಎಳೆತವನ್ನು ತಗ್ಗಿಸುವ ಸರ್ಫ್ಯಾಕ್ಟೆಂಟ್ ಎಂಬ ವಸ್ತು ಇಂಥ ಶಿಶುಗಳಲ್ಲಿ ಸಾಲದು ಎಂದು ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ 1959ರಲ್ಲಿ ತೋರಿಸಿದ್ದರು. ಕೋಣೆಯ ಒತ್ತಡ ಮಗುವಿನ ಒಳಗೂ ಹೊರಗೂ ಒಂದೇ. ಆದ್ದರಿಂದ ರಕ್ತಕ್ಕೆ ಆಮ್ಲಜನಕ ಹೆಚ್ಚು ಸೇರಬಹುದೇ ಹೊರತು ಮುಚ್ಚಿದ ವಾಯುಕೋಶ ತೆರೆಯದು.

ಉಪಾಯವನ್ನು ಶಿಶುಗಳೇ ತೋರಿಸುತ್ತಿದ್ದವು. ಈ ರೋಗದಲ್ಲಿ ಮಗು ಪ್ರತಿ ಉಸಿರು ಬಿಡುವಾಗಲೂ ಮುಲುಕುತ್ತದೆ. ಧ್ವನಿತಂತುಗಳನ್ನು ಭಾಗಶಃ ಮುಚ್ಚಿ, ಗಾಳಿ ಪೂರ್ತಿ ಹೊರಹೋಗದಂತೆ ತಡೆಯುವ ಪ್ರಯತ್ನವದು. ಗಂಟಲಿಗೆ ನಳಿಕೆ ಇಳಿಸಿ ಮುಲುಕನ್ನು ತಪ್ಪಿಸಿದರೆ ರಕ್ತದ ಆಮ್ಲಜನಕ ಇಳಿಯುತ್ತದೆಂದು 1968ರಲ್ಲಿ ದಕ್ಷಿಣ ಆಫ್ರಿಕದ ವೈದ್ಯರು ವರದಿ ಮಾಡಿದರು.

1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು, ತಾನಾಗಿ ಉಸಿರಾಡುವ ಶಿಶುಗಳ ಶ್ವಾಸಮಾರ್ಗದಲ್ಲಿ ಸತತವಾಗಿ ಒತ್ತಡ ಉಳಿಯುವಂತೆ ಮಾಡಿದ ಫಲಿತಾಂಶವನ್ನು ಪ್ರಕಟಿಸಿದರು. 20 ಶಿಶುಗಳಲ್ಲಿ 16 ಬದುಕಿದವು. ಅವರು ಹೆಚ್ಚಿನವರಿಗೆ ಬಳಸಿದ್ದು ಗಂಟಲಿನ ನಳಿಕೆಯನ್ನೇ. 1973ರಲ್ಲಿ ಮೂಗಿನ ಹೊಳ್ಳೆಗಳಿಗೆ ಇಡುವ ಕಿರುನಳಿಕೆಗಳು ಬಂದವು. ಹಾಗೆ ಈ 'ಸಿಪ್ಯಾಪ್' ಚಿಕಿತ್ಸೆಗೆ ಗಂಟಲೊಳಗೆ ನಳಿಕೆ ಇಳಿಸುವ ಅಗತ್ಯ ತಪ್ಪಿತು.

ಇದರ ಸರಳ ರೂಪ 'ಬಬಲ್ ಸಿಪ್ಯಾಪ್'. ಗಾಳಿ ಹೊರಹೋಗುವ ಕೊಳವೆಯ ತುದಿಯನ್ನು ನೀರಿನಲ್ಲಿ 5 ಸೆಂ.ಮೀ. ಮುಳುಗಿಸಿ, ಒತ್ತಡವೂ ಸುಮಾರು 5 ಸೆಂ.ಮೀ. ನೀರಿನಷ್ಟೇ. ಗುಳ್ಳೆಗಳು ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಎಂದು ದಾದಿಯರು ಅರಿಯುತ್ತಾರೆ.

ಇದು ಸರ್ವರೋಗ ಪರಿಹಾರವಲ್ಲ. 25ರಿಂದ 28 ವಾರಗಳಲ್ಲಿ ಹುಟ್ಟಿದ 610 ಶಿಶುಗಳ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಆರಂಭದಿಂದಲೇ ಸಿಪ್ಯಾಪ್ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಶಿಶುಗಳಿಗೆ ಮೊದಲ ಐದು ದಿನ ಗಂಟಲ ನಳಿಕೆ ಬೇಕಾಗಲಿಲ್ಲ. ಆದರೆ ಎದೆಗೂಡಿನೊಳಗೆ ಗಾಳಿ ಸೋರುವ ಅಪಾಯ ಶೇ. 9ರಷ್ಟಿತ್ತು, ನಳಿಕೆ ಹಾಕಿದವರಲ್ಲಿ ಶೇ. 3. ಒತ್ತಡ ಕಡಿಮೆಯಾದರೆ ಕೋಶ ಮುಚ್ಚುತ್ತದೆ, ಹೆಚ್ಚಾದರೆ ಒಡೆಯಬಹುದು. ಈ ಎರಡರ ನಡುವಣ ಅಳತೆಯಲ್ಲಿದೆ ಹಸುಳೆಯ ಉಸಿರು.