ತಿಬಿರೀನ್ ಮಠದ ಬಾಗಿಲಲ್ಲಿ: ದ್ವೇಷಕ್ಕೆ ಒಂದು ಉತ್ತರ

1993ರ ಡಿಸೆಂಬರ್ 24ರ ರಾತ್ರಿ, ಅಲ್ಜೀರಿಯಾದ ಅಟ್ಲಾಸ್ ಪರ್ವತದಲ್ಲಿರುವ ತಿಬಿರೀನ್ ಮಠಕ್ಕೆ ಶಸ್ತ್ರಧಾರಿಗಳು ನುಗ್ಗಿದರು. ಅವರ ನಾಯಕ ಸಯ್ಯಾ ಅತ್ತಿಯಾ. ಹತ್ತು ದಿನಗಳ ಹಿಂದೆಯಷ್ಟೇ, ಮಠದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, 12 ಮಂದಿ ಕ್ರೊಯೇಷಿಯನ್ ಕಾರ್ಮಿಕರನ್ನು ಕೊಂದ ಗುಂಪು ಅವನದು. ಆ ಕಾರ್ಮಿಕರಲ್ಲಿ ಕೆಲವರು ಹಬ್ಬದ ಬಲಿಪೂಜೆಗೆ ಇದೇ ಮಠಕ್ಕೆ ಬರುತ್ತಿದ್ದವರು.

ಮಠದ ಹಿರಿಯರಾದ ಫಾದರ್ ಕ್ರಿಸ್ತಿಯಾನ್ ದ ಶೆರ್ಜೆ ಹೊರಬಂದು, ಇದು ಶಾಂತಿಯ ಮನೆ, ಆಯುಧ ಹಿಡಿದವರು ಒಳಗೆ ಬರುವಂತಿಲ್ಲ, ಮಾತನಾಡುವುದಿದ್ದರೆ ಹೊರಗೆ ಎಂದರು. ಅತ್ತಿಯಾ ಒಪ್ಪಿದ. ಅವನು ಕೇಳಿದ್ದು ವೈದ್ಯರನ್ನು, ಔಷಧವನ್ನು, ಹಣವನ್ನು. ವೈದ್ಯರಾದ ಬ್ರದರ್ ಲೂಕ್ ವೃದ್ಧರು, ಬೆಟ್ಟ ಹತ್ತಲಾರರು. ರೋಗಿಗಳು ಯಾರೇ ಆಗಲಿ, ಎಲ್ಲರಂತೆ ಚಿಕಿತ್ಸಾಲಯಕ್ಕೆ ಬರಬಹುದು ಎಂಬುದು ಉತ್ತರವಾಗಿತ್ತು. ನಾವು ಶಾಂತಿಯ ಅರಸರ ಜನನವನ್ನು ಆಚರಿಸಲು ಸಿದ್ಧರಾಗುತ್ತಿದ್ದೇವೆ ಎಂದು ಕ್ರಿಸ್ತಿಯಾನ್ ತಿಳಿಸಿದಾಗ, ಅತ್ತಿಯಾ ಕ್ಷಮೆ ಕೇಳಿ ಹಿಂದಿರುಗಿದ.

ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ನಮ್ಮ ಗುರುಮಠದ ಸಹೋದರರು ಇಲ್ಲಿಯೇ ನಿಂತುಬಿಡುತ್ತಾರೆ. ಧೈರ್ಯದ ಕಥೆ ಯಾರಿಗೆ ಇಷ್ಟವಿಲ್ಲ? ಆದರೆ ನಮ್ಮ ದೃಷ್ಟಿಯಲ್ಲಿ ಮುಖ್ಯವಾದದ್ದು ಅನಂತರ ನಡೆದುದು. ಆ ಮನುಷ್ಯನಿಗಾಗಿ ಏನೆಂದು ಪ್ರಾರ್ಥಿಸಬೇಕು ಎಂಬ ಪ್ರಶ್ನೆ ಕ್ರಿಸ್ತಿಯಾನರನ್ನು ಕಾಡಿತು. ಅವನನ್ನು ಕೊಲ್ಲು ಎಂದು ದೇವರನ್ನು ಬೇಡಲಾಗದು. ಅವನ ಕೈಯ ಆಯುಧ ಬೀಳಿಸು ಎಂದು ಬೇಡಬಹುದು. ಆದರೆ ಮೊದಲು ನನ್ನ ಆಯುಧ, ನಮ್ಮ ಸಮುದಾಯದ ಆಯುಧ ಬೀಳಲಿ ಎನ್ನದೆ ಹಾಗೆ ಬೇಡುವ ಹಕ್ಕು ನನಗಿದೆಯೇ? ಮತ್ತಾಯ 5:44ಕ್ಕೆ ನಾವು ಕಂಡ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ನಿಷ್ಠುರವಾದದ್ದು ವಿರಳ.

ಆ ವರ್ಷಗಳ ಹಿನ್ನೆಲೆ ಸಂಕ್ಷೇಪವಾಗಿ ಹೀಗಿದೆ: 1991ರ ಡಿಸೆಂಬರ್ ಚುನಾವಣೆಯ ಮೊದಲ ಸುತ್ತಿನಲ್ಲಿ ಇಸ್ಲಾಮಿಕ್ ಸಾಲ್ವೇಷನ್ ಫ್ರಂಟ್ ಮುಂದಿತ್ತು, 1992ರ ಜನವರಿಯಲ್ಲಿ ಸೈನ್ಯವು ಚುನಾವಣೆಯನ್ನು ರದ್ದುಪಡಿಸಿತು, ಅಂತರ್ಯುದ್ಧ ಹೊತ್ತಿಕೊಂಡಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರೇ ಎಂಬುದನ್ನು ಮರೆತರೆ ತಿಬಿರೀನನ್ನು ತಪ್ಪಾಗಿ ಓದಿದಂತೆ.

ಕ್ರಿಸ್ತಿಯಾನರು ಇದನ್ನು ಮರೆಯಲಾರದವರಾಗಿದ್ದರು. ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಅವರು ಫ್ರೆಂಚ್ ಸೈನ್ಯದ ಯುವ ಅಧಿಕಾರಿ. ಮೊಹಮ್ಮದ್ ಎಂಬ ಹಳ್ಳಿಯ ಕಾವಲುಗಾರ, ಹತ್ತು ಮಕ್ಕಳ ತಂದೆ, ಒಮ್ಮೆ ಅವರ ಜೀವ ಉಳಿಸಿದ. ಆ ಕಾರಣಕ್ಕೇ ಕೊಲೆಯಾದ. ಮಿತ್ರನಿಗಾಗಿ ಪ್ರಾಣ ಕೊಡುವುದನ್ನು ಕ್ರೈಸ್ತ ಯುವಕನೊಬ್ಬನು ಮುಸ್ಲಿಮನೊಬ್ಬನಿಂದ ಕಂಡುಕೊಂಡ. ಅವರ ಸನ್ಯಾಸದ ಬೇರು ಅಲ್ಲಿದೆ.

1993ರ ಡಿಸೆಂಬರಿನಲ್ಲಿ ಆರಂಭಿಸಿ 1994ರ ಜನವರಿ 1ರಂದು ಮುಗಿಸಿದ ಅವರ ಮರಣಶಾಸನದಲ್ಲಿ ಎರಡು ಭಯಗಳಿವೆ. ತನ್ನ ಸಾವನ್ನು ಮುಂದಿಟ್ಟುಕೊಂಡು ಅಲ್ಜೀರಿಯನ್ನರೆಲ್ಲರನ್ನೂ, ಇಸ್ಲಾಮನ್ನೂ ಒಟ್ಟಾಗಿ ದೂಷಿಸಿಯಾರು ಎಂಬುದು ಒಂದು. ತಾನು ಪ್ರೀತಿಸುವ ಜನರ ತಲೆಗೆ ತನ್ನ ಕೊಲೆಯ ಆರೋಪ ಬೀಳುವುದಾದರೆ, ಅದು ರಕ್ತಸಾಕ್ಷಿಯ ಕೀರ್ತಿಗೆ ತೆರುವ ಅತಿ ದೊಡ್ಡ ಬೆಲೆ ಎಂಬುದು ಇನ್ನೊಂದು. ಲೋಕದ ಕೇಡಿನಲ್ಲಿ ತನಗೂ ಪಾಲಿದೆ ಎಂದು ಒಪ್ಪಿಕೊಂಡು, ತನ್ನನ್ನು ಕೊಲ್ಲಲಿರುವ ಅಪರಿಚಿತನನ್ನು ಅವರು ಮಿತ್ರನೆಂದೇ ಕರೆಯುತ್ತಾರೆ. ನಾವು ನಮ್ಮ ಸಭೆಗಳಲ್ಲಿ ರಕ್ತಸಾಕ್ಷಿಗಳನ್ನು ಸ್ಮರಿಸುವಾಗ ಕೊಂದವರ ಸಮುದಾಯದ ಮೇಲೆ ಎಷ್ಟು ಸುಲಭವಾಗಿ ಬೆರಳು ತೋರುತ್ತೇವೆ! ನಮ್ಮ ಪ್ರಬೋಧನೆಗಳೂ ಇದಕ್ಕೆ ಹೊರತಲ್ಲ.

ಹೊರಟುಹೋಗುವ ವಿಚಾರ ಮಠದಲ್ಲಿ ಬಾರದೆ ಇರಲಿಲ್ಲ. ಭಯಪಟ್ಟರು, ಚರ್ಚಿಸಿದರು, ಮತ ಹಾಕಿದರು. ಕೊನೆಗೆ ನೆರೆಹೊರೆಯವರಿಗಾಗಿ ಉಳಿದರು. ಬ್ರದರ್ ಲೂಕ್ ದಶಕಗಳಿಂದ ಮಾಡಿದಂತೆಯೇ, ಹಣ ಪಡೆಯದೆ ಹಳ್ಳಿಯವರಿಗೆ ಮದ್ದು ಕೊಡುತ್ತಿದ್ದರು.

1996ರ ಮಾರ್ಚ್ 26-27ರ ರಾತ್ರಿ ಏಳು ಮಂದಿಯನ್ನು ಅಪಹರಿಸಲಾಯಿತು. ಮೇ ತಿಂಗಳಲ್ಲಿ ಅವರ ಸಾವಿನ ಘೋಷಣೆ ಹೊರಬಿತ್ತು. ಆಮೇಲೆ ಶಿರಗಳು ಮಾತ್ರ ಸಿಕ್ಕವು. ಕೊಂದವರಾರು ಎಂಬುದು ಇಂದಿಗೂ ವಿವಾದದಲ್ಲಿದೆ. ಅದೇ ಆಗಸ್ಟ್ 1ರಂದು ಒರಾನಿನ ಧರ್ಮಾಧ್ಯಕ್ಷ ಪಿಯೆರ್ ಕ್ಲಾವೆರಿ ಬಾಂಬಿಗೆ ಬಲಿಯಾದಾಗ, ಅವರೊಂದಿಗೆ ಸತ್ತವನು 21ರ ಹರೆಯದ ಮುಸ್ಲಿಂ ಯುವಕ ಮೊಹಮ್ಮದ್ ಬುಶಿಖಿ. 2018ರ ಡಿಸೆಂಬರ್ 8ರಂದು ಒರಾನಿನಲ್ಲಿಯೇ ಧರ್ಮಸಭೆಯು ಅಲ್ಜೀರಿಯಾದ 19 ರಕ್ತಸಾಕ್ಷಿಗಳನ್ನು ಪುನೀತ ಪದವಿಗೆ ಏರಿಸಿತು.

ಅಪಹರಣದ ರಾತ್ರಿ ಮಠದಲ್ಲಿದ್ದೂ ಬದುಕುಳಿದ ಇಬ್ಬರಲ್ಲಿ ಒಬ್ಬರು ಫಾದರ್ ಜಾನ್-ಪಿಯೆರ್ ಶುಮಾಖರ್. ಅವರು ಫ್ರಾನ್ಸಿಗೆ ಮರಳಿ ನೆಲಸಲಿಲ್ಲ. ಮೊರಾಕೊದ ಮಿದೆಲ್ತಿನಲ್ಲಿ, ಮತ್ತೆ ಮುಸ್ಲಿಂ ನೆರೆಯವರ ನಡುವೆಯೇ, 2021ರಲ್ಲಿ 97ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು.