ಚೊಗರಿನ ಹಂಡೆ ಮತ್ತು ಕಿಣ್ವಶಾಸ್ತ್ರ
ಕಿಣ್ವಗಳ ಅರಿವು ಪ್ರಯೋಗಾಲಯದಲ್ಲೇ ಹುಟ್ಟಿತೆಂಬ ಮಾತನ್ನು ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಅಡಿಕೆ ಬೇಯಿಸುವ ಪದ್ಧತಿ ಸುಲಭಕ್ಕೆ ಒಪ್ಪಗೊಡುವುದಿಲ್ಲ. ಎಳೆಯ ಹಸಿ ಅಡಿಕೆಯನ್ನು ಸುಲಿದು ಹೋಳು ಮಾಡಿಟ್ಟರೆ ಕೊಯ್ದ ಮೈ ಕಂದುತ್ತದೆ. ಒಡೆದ ಜೀವಕೋಶದಲ್ಲಿ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಫೀನಾಲುಗಳೂ ಆಮ್ಲಜನಕವೂ ಒಟ್ಟಿಗೆ ಸಿಗುವುದೇ ಕಾರಣ. ಹಂಡೆಯ ಕುದಿನೀರು ಆ ಕಿಣ್ವವನ್ನು ಅಡಗಿಸುತ್ತದೆ, ಟ್ಯಾನಿನ್ನನ್ನು ಒಂದಿಷ್ಟು ಹೊರಗೆಳೆಯುತ್ತದೆ. ಅದೇ ನೀರು ಮತ್ತೆ ಮತ್ತೆ ಕುದಿದು ಚೊಗರಾಗಿ, ಅಡಿಕೆಯ ಮೈಗೆ ಕೆಂಪು ಹೊಳಪಾಗಿ ಮರಳುತ್ತದೆ.

ಇದು ಬರೀ ರೂಢಿ, ವಿಜ್ಞಾನವಲ್ಲ ಎನ್ನಬಹುದು. ಬೇಯಿಸುವವರು ಕಿಣ್ವವನ್ನು ಬೇರ್ಪಡಿಸಿ ಅಳೆದವರಲ್ಲ, ನಿಜ. ಆ ದಾರಿ ತೆರೆದದ್ದು 1833ರಲ್ಲಿ, ಪ್ಯಾರಿಸ್‌ನ ಪಾಯೆನ್ ಮತ್ತು ಪೆರ್ಸೋ ಮೊಳೆತ ಬಾರ್ಲಿಯಿಂದ ಡಯಾಸ್ಟೇಸ್ ಎಂಬ ಕಿಣ್ವವನ್ನು ತೆಗೆದಾಗ. ಆದರೆ ಕಾಯಿ ಎಷ್ಟು ಎಳೆಯದಾಗಿರಬೇಕು, ಎಷ್ಟು ಹೊತ್ತು ಬೇಯಬೇಕು, ಚೊಗರು ಎಷ್ಟು ಗಟ್ಟಿಯಾಗಬೇಕು ಎಂಬ ತೀರ್ಮಾನಗಳು ಕಣ್ಣುಮುಚ್ಚಿ ಬಂದವಲ್ಲ. ಕಾಯಿ ಬಲಿತಂತೆ ಟ್ಯಾನಿನ್ ಇಳಿಯುತ್ತದೆಂದು ರಸಾಯನಶಾಸ್ತ್ರ ಹೇಳಿತು. ಬಲಿತ ಕಾಯಿ ಚೊಗರಿಗಲ್ಲ, ಬೇಯಿಸದೆ ಒಣಗಿಸುವ ಚಾಲಿಗೆ ಎಂದು ತೋಟದವರು ವಿಂಗಡಿಸಿಕೊಂಡೇ ಇದ್ದರು. ಹಂಡೆಗೆ ತಿಳಿಯದ ಸಂಗತಿ ಬೇರೆಯೇ. ಬೇಯಿಸಿದರೆ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಆಲ್ಕಲಾಯ್ಡ್ ಕಡಿಮೆಯಾದರೂ ಪೂರಾ ಹೋಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಸಾರಿತು. ಬಣ್ಣ, ಒಗರು, ಹೊಳಪು ನೋಡುವ ಕಣ್ಣಿಗೆ ಇದು ಸಿಗುವಂಥದ್ದಲ್ಲ.